ತರಗೆಲೆಯೊಳಗಿನ ಸಣ್ಣ ಇರುವೆಗಳು: ಹುಡುಕುವ, ಹಿಡಿಯುವ, ಗುರುತಿಸುವ ಬಗೆ

ಧಾರವಾಡದಿಂದ ಅಳ್ನಾವರದ ಕಡೆಗೆ, ಇಲ್ಲವೆ ಹುಬ್ಬಳ್ಳಿಯಿಂದ ಕಲಘಟಗಿಯ ಕಡೆಗೆ ಹೊರಟರೆ ಎರೆಭೂಮಿ ಹಿಂದೆ ಸರಿದು ತೇಗ, ಮತ್ತಿ, ಬಿದಿರಿನ ಕಾಡು ಆರಂಭವಾಗುತ್ತದೆ. ಆ ಕಾಡಿನ ನೆಲದ ಮೇಲೆ ಬಿದ್ದಿರುವ ತರಗೆಲೆಯ ಪದರದಲ್ಲಿ ಒಂದರಿಂದ ಮೂರು ಮಿಲಿಮೀಟರ್ ಉದ್ದದ ಇರುವೆಗಳು ಹತ್ತಾರು ಬಗೆಯಲ್ಲಿ ಬದುಕುತ್ತವೆ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಇರುವೆ ಪ್ರಭೇದಗಳು 14,000ಕ್ಕೂ ಹೆಚ್ಚು, ಭಾರತದಲ್ಲಿ 800ಕ್ಕೂ ಹೆಚ್ಚು. ಉಷ್ಣವಲಯದ ಕಾಡುಗಳಲ್ಲಿ ಇವುಗಳ ದೊಡ್ಡ ಪಾಲು ಮಣ್ಣು ಮತ್ತು ತರಗೆಲೆಯಲ್ಲಿಯೇ ನೆಲೆಸಿದೆ. ಗೊದ್ದ, ಕೆಂಜಿಗ, ಅಡುಗೆಮನೆಯ ಸಕ್ಕರೆ ಡಬ್ಬಿಗೆ ಮುತ್ತುವ ಇರುವೆ, ಇಷ್ಟನ್ನು ಬಲ್ಲವರು ನಮ್ಮಲ್ಲಿ ಎಲ್ಲರೂ. ಆದರೆ ಸಾಸಿವೆ ಕಾಳಿನ ಗಾತ್ರವನ್ನೂ ಮೀರದ, ಸಾಲುಗಟ್ಟದ, ಬೆಳಕಿಗೆ ಬಾರದ ಈ ಇರುವೆಗಳನ್ನು ಕಂಡವರು ಬಹಳ ಕಡಿಮೆ. ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು, ಶಾಲೆಯ ಶಿಕ್ಷಕರು, ಕೀಟಗಳಲ್ಲಿ ಆಸಕ್ತಿಯುಳ್ಳ ರೈತರು ದೊಡ್ಡ ಖರ್ಚಿಲ್ಲದೆ ಇವುಗಳನ್ನು ಅಭ್ಯಾಸ ಮಾಡಬಹುದು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಈ ಕೆಲಸದ ಕೀಲಿ ಇರುವುದು ತೇವದಲ್ಲಿ. ಇಷ್ಟು ಸಣ್ಣ ಮೈಯ ಜೀವಿಯಿಂದ ನೀರು ಬಹುಬೇಗ ಆವಿಯಾಗಿ ಹೋಗುವುದರಿಂದ ಅದು ತೇವವಿರುವಲ್ಲಿ ಮಾತ್ರ ಉಳಿಯುತ್ತದೆ, ತೇವ ಇಳಿದಂತೆ ಜಾಗ ಬದಲಿಸುತ್ತದೆ. ಇರುವೆ ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಸಿಗುತ್ತದೆ, ಎಲೆಯಿಂದ ಅದನ್ನು ಹೇಗೆ ಹೊರಗೆ ತರಬೇಕು ಎಂಬ ಮೂರಕ್ಕೂ ಉತ್ತರ ಇದರೊಳಗೇ ಇದೆ.

ಜಾಗ, ಅನುಮತಿ, ಕಾಲ

ಮೊದಲು ಕಾನೂನಿನ ವಿಷಯ. ಗದಗಿನ ಕಪ್ಪತಗುಡ್ಡ ವನ್ಯಜೀವಿಧಾಮ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಅಲ್ಲಿಂದ ಇರುವೆಯನ್ನಾಗಲಿ ಎಲೆಯನ್ನಾಗಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ತರುವಂತಿಲ್ಲ. ಮೀಸಲು ಅರಣ್ಯಕ್ಕೂ ಅನುಮತಿ ಬೇಕೇ ಬೇಕು. ಅನುಮತಿಯ ಅರ್ಜಿಯನ್ನು ಕಾಲೇಜು ಅಥವಾ ವಿಶ್ವವಿದ್ಯಾಲಯದ ವಿಭಾಗದ ಮೂಲಕ ಸಲ್ಲಿಸುವುದು ಸರಿಯಾದ ದಾರಿ. ಕಲಿಯುವ ಹಂತದಲ್ಲಿ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸ್ವಂತ ಹೊಲದ ಬದುವಿನ ಹೊಂಗೆ, ಬಾವಿಯ ಪಕ್ಕದ ಅತ್ತಿ, ಹಾನಗಲ್ಲ ಕಡೆಯ ಅಡಿಕೆ ಮತ್ತು ಮಾವಿನ ತೋಟ, ಊರ ದೇವಸ್ಥಾನದ ಹಿಂದಿನ ಹಳೆಯ ಆಲದ ನೆರಳು, ಮಾಲೀಕರು ಒಪ್ಪಿದರೆ ಇವೆಲ್ಲ ಒಳ್ಳೆಯ ಜಾಗಗಳೇ. ದೇವರ ಕಾಡಾದರೆ ಊರವರನ್ನು ಕೇಳಿ, ಏನು ಮಾಡುತ್ತೇವೆಂದು ವಿವರಿಸಿ, ಆ ಮೇಲೆ ಕೈ ಹಾಕಬೇಕು.

ಒಳ್ಳೆಯ ತರಗೆಲೆಗೆ ಮೂರು ಪದರಗಳಿರುತ್ತವೆ. ಮೇಲೆ ಈ ವರ್ಷ ಬಿದ್ದ ಒಣ ಎಲೆ, ನಡುವೆ ಮುರಿದು ಬಣ್ಣಗೆಟ್ಟ ಎಲೆಯ ಚೂರು, ಕೆಳಗೆ ಬಿಳಿಯ ಶಿಲೀಂಧ್ರದ ಎಳೆಗಳು ಹೆಣೆದುಕೊಂಡ ಕಪ್ಪು ಪುಡಿ. ನಮಗೆ ಬೇಕಾದವು ನಡುವಿನ ಮತ್ತು ಕೆಳಗಿನ ಪದರಗಳು. ಅಂಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು ಹಿಚುಕಿದಾಗ ನೀರು ಒಸರಬಾರದು, ಆದರೆ ಕೈಗೆ ತಂಪು ತಾಗಿ ಪುಡಿ ಅಂಟಿಕೊಳ್ಳಬೇಕು. ಮರದ ಬುಡದ ಬೇರುಗಳ ನಡುವಿನ ತಗ್ಗು, ಬಂಡೆಯ ಬದಿ, ಕೊಳೆತು ಬಿದ್ದ ಕಾಂಡದ ಎರಡೂ ಪಕ್ಕ, ಬಿದಿರ ಮೆಳೆಯ ಅಡಿ ಇಂತಹ ಕಡೆ ಪದರ ದಪ್ಪವಾಗಿರುತ್ತದೆ. ನೀಲಗಿರಿ ನೆಡುತೋಪಿನಲ್ಲಿ ಎಲೆ ರಾಶಿಯಾಗಿ ಬಿದ್ದಿದ್ದರೂ ಅದು ಬೇಗ ಒಣಗುತ್ತದೆ, ಅಲ್ಲಿ ಸಿಗುವ ಬಗೆಗಳು ಕಡಿಮೆ.

ಕಾಲದ ಮಟ್ಟಿಗೆ ಹೇಳುವುದಾದರೆ, ಮಿರಗದ ಮಳೆ ಹಿಡಿದು ಎಲೆ ಒಳಗಿನವರೆಗೆ ನೆನೆದ ಮೇಲೆ ಆರಂಭಿಸಿ ನವೆಂಬರ್ ವರೆಗೆ ಮುಂದುವರಿಸಬಹುದು. ಪಶ್ಚಿಮದ ತಾಲೂಕುಗಳಲ್ಲಿ ಜುಲೈನ ಜಡಿಮಳೆಯ ದಿನಗಳನ್ನು ಬಿಟ್ಟುಬಿಡುವುದು ಲೇಸು. ತೊಯ್ದು ತೊಪ್ಪೆಯಾದ ಎಲೆ ಜರಡಿಗೆ ಮೆತ್ತಿಕೊಳ್ಳುತ್ತದೆ, ಸಣ್ಣ ಇರುವೆಗಳು ಆ ಕೆಸರಿನಲ್ಲಿಯೇ ಉಳಿದುಹೋಗುತ್ತವೆ. ಮಳೆ ನಿಂತು ಒಂದು ದಿನ ಕಳೆದ ಮೇಲೆ ಹೋದರೆ ಕೆಲಸ ಸಲೀಸು. ಗದಗದ ಕಡೆ ಸೆಪ್ಟೆಂಬರ್ ಮಳೆಯೇ ಜೋರಾದ್ದರಿಂದ ಅಲ್ಲಿ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಕ್ಕ ಸಮಯ. ಬೇಸಿಗೆಯಲ್ಲಿ ಇವೇ ಇರುವೆಗಳು ಮಣ್ಣಿನ ಆಳಕ್ಕೆ, ಕಲ್ಲಿನ ಅಡಿಗೆ ಇಳಿದಿರುತ್ತವೆ. ಆಗ ತರಗೆಲೆ ಸೋಸಿ ಏನೂ ಸಿಗಲಿಲ್ಲವೆಂದು ಆ ಜಾಗದಲ್ಲಿ ಇರುವೆಯೇ ಇಲ್ಲವೆಂದು ಬರೆದುಕೊಳ್ಳುವುದು ತಪ್ಪಾಗುತ್ತದೆ.

ಸಲಕರಣೆ

ಮುಖ್ಯ ಸಾಧನ ಜರಡಿ ಚೀಲ. ಸುಮಾರು 30 ಸೆಂಟಿಮೀಟರ್ ಅಡ್ಡಳತೆಯ ಎರಡು ಕಬ್ಬಿಣದ ಬಳೆಗಳನ್ನು ಹಿಡಿಕೆ ಸಮೇತ ಮಾಡಿಸಿ, ಒಂದಕ್ಕೆ ಸುಮಾರು ಒಂದು ಸೆಂಟಿಮೀಟರ್ ಕಣ್ಣಿನ ತಂತಿ ಜಾಳಿಗೆ ಬಿಗಿಸಿ, ಎರಡನ್ನೂ ದಪ್ಪ ಹತ್ತಿ ಬಟ್ಟೆಯ ಉದ್ದನೆಯ ತೋಳಿನೊಳಗೆ ಒಂದು ಮೊಳ ಅಂತರದಲ್ಲಿ ಹೊಲಿಸಬೇಕು. ಜಾಳಿಗೆಯ ಬಳೆ ಕೆಳಗೆ, ಬರಿಯ ಬಳೆ ಮೇಲೆ. ಜಾಳಿಗೆಯ ಕೆಳಗೂ ಬಟ್ಟೆ ಒಂದೂವರೆ ಮೊಳ ಇಳಿದಿರಬೇಕು, ಅದರ ತುದಿಯನ್ನು ದಾರದಿಂದ ಕಟ್ಟಬೇಕು. ಯಾವುದೇ ವೆಲ್ಡಿಂಗ್ ಅಂಗಡಿಯವರೂ ದರ್ಜಿಯವರೂ ಸೇರಿದರೆ ಇದು ಒಂದು ದಿನದ ಕೆಲಸ. ಇದನ್ನು ಮಾಡಿಸುವವರೆಗೆ ಕಾಯಲು ಮನಸ್ಸಿಲ್ಲದವರು ಗೋದಿ ಸೋಸುವ ದೊಡ್ಡ ಕಣ್ಣಿನ ಜರಡಿಯನ್ನೂ ಕೆಳಗೆ ಹಾಸಲು ಬಿಳಿಯ ಪಂಚೆಯನ್ನೂ ಬಳಸಬಹುದು, ಆದರೆ ಓಡುವ ಇರುವೆಗಳು ಕೈ ತಪ್ಪುತ್ತವೆ.

ಇದರ ಜೊತೆಗೆ ಕುರ್ಪಿ, ಒಂದು ಮೀಟರ್ ಚೌಕ ಗುರುತಿಸಲು ನಾಲ್ಕು ಗೂಟ ಮತ್ತು ಹಗ್ಗ, ಬಟ್ಟೆಯ ಚೀಲಗಳು, ಬಿಳಿಯ ತಟ್ಟೆ, ನಂಬರ್ 0 ಕುಂಚ, ಹತ್ತು ಪಟ್ಟು ಮತ್ತು ಇಪ್ಪತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ಬಿಗಿ ಮುಚ್ಚಳದ ಸಣ್ಣ ಬಾಟಲಿಗಳು, ಸೀಸದ ಕಡ್ಡಿ, ದಪ್ಪ ಕಾಗದ. ಕೆಡದಂತೆ ಇಡಲು ಈಥೈಲ್ ಆಲ್ಕೋಹಾಲ್ ಬೇಕು. ಶೇಕಡ 95ರದು ದೊರೆತರೆ ಅದರ 70 ಮಿಲಿಲೀಟರಿಗೆ ಬಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು 95 ಮಿಲಿಲೀಟರ್ ಮಾಡಿದರೆ ಶೇಕಡ 70ರ ದ್ರಾವಣ ಸಿದ್ಧವಾಗುತ್ತದೆ. ಮುಂದೆ ಡಿಎನ್‌ಎ ಪರೀಕ್ಷೆಗೆ ಕೊಡುವ ಆಲೋಚನೆಯಿದ್ದರೆ ಕೆಲವನ್ನು ಶೇಕಡ 95ರಲ್ಲಿಯೇ ಇಡಬೇಕು. ಔಷಧ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ರೂಪ ನೋಡುವ ಕೆಲಸಕ್ಕೆ ಸಾಕು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ. ಅದರ ಲೋಳೆ ಇರುವೆಯ ಮೈಗೆ ಮೆತ್ತಿಕೊಂಡು ಗುರುತು ಮುಚ್ಚುತ್ತದೆ.

ಕಾಡಿನಲ್ಲಿ

ಮುಚ್ಚಿದ ಬೂಟು, ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇಲ್ಲದೆ ತರಗೆಲೆಗೆ ಕೈ ಹಾಕಬಾರದು. ಕೊಳಕುಮಂಡಲ, ಗರಗಸಮಂಡಲ, ಚೇಳು ಮೂರೂ ಇದೇ ಎಲೆಯಡಿ ಮಲಗುತ್ತವೆ. ಆದ್ದರಿಂದ ಮೊದಲು ಉದ್ದನೆಯ ಕೋಲಿನಿಂದ ಎಲೆ ಕೆದಕಿ ನೋಡಬೇಕು. ಉತ್ತರ ಕನ್ನಡಕ್ಕೆ ಹೊಂದಿದ ಕಾಡುಗಳಲ್ಲಿ ಮಂಗನ ಕಾಯಿಲೆ ಹರಡುವ ಉಣುಗುಗಳ ವಿಷಯದಲ್ಲಿ ಎಚ್ಚರ ಬೇಕು, ಅದರಲ್ಲೂ ಡಿಸೆಂಬರಿನಿಂದ ಮೇ ವರೆಗೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿನಲ್ಲಿ ನೆನೆಸಿ, ಮೈ ಪೂರ್ತಿ ಪರೀಕ್ಷಿಸಿ ಸ್ನಾನ ಮಾಡಬೇಕು.

ಆರಿಸಿದ ಜಾಗದಲ್ಲಿ ಒಂದು ಚದರ ಮೀಟರ್ ಗುರುತು ಹಾಕಿ. ಇಲ್ಲಿಂದ ಮುಂದೆ ಚುರುಕು ಬೇಕು, ಏಕೆಂದರೆ ನೆಲ ಅದುರಿದೊಡನೆ ಇರುವೆಗಳು ಮಣ್ಣಿಗೆ ಇಳಿಯತೊಡಗುತ್ತವೆ. ಚೌಕದ ಅಂಚಿನಿಂದ ನಡುವಿನ ಕಡೆಗೆ ಎಲೆಯನ್ನು ಬಳಿದು, ಒಬ್ಬರು ಚೀಲಕ್ಕೆ ತುಂಬುತ್ತ ಹೋದರೆ ಇನ್ನೊಬ್ಬರು ಮೇಲಿನ ಬಳೆಯನ್ನೂ ಕೆಳಗಿನ ಬಳೆಯನ್ನೂ ಹಿಡಿದು ಜೋರಾಗಿ ಜಾಡಿಸಬೇಕು. ಕೊಳೆತ ಕಡ್ಡಿಗಳನ್ನು ಚೀಲದೊಳಗೇ ಮುರಿಯಿರಿ, ಟೊಳ್ಳು ಕಡ್ಡಿಯಲ್ಲಿ ಇಡೀ ಗೂಡು ಇರುವುದುಂಟು. ಎಲೆ ಮುಗಿದ ಮೇಲೆ ಕುರ್ಪಿಯಿಂದ ಮೇಲ್ಮಣ್ಣನ್ನು ಒಂದು ಬೆರಳಿನಷ್ಟು ಕೆರೆದು ಅದನ್ನೂ ಜರಡಿಗೆ ಹಾಕಿ. ಜಾಳಿಗೆಯ ಮೇಲೆ ಉಳಿದ ಒರಟು ಎಲೆಯನ್ನು ಅದೇ ಚೌಕದಲ್ಲಿ ಹರಡಿ, ಕೆಳಗೆ ಇಳಿದ ಪುಡಿಯನ್ನು ಬಟ್ಟೆಚೀಲಕ್ಕೆ ಸುರಿದು, ಸೀಸದ ಕಡ್ಡಿಯಿಂದ ಬರೆದ ಚೀಟಿಯನ್ನು ಚೀಲದೊಳಗೇ ಹಾಕಿ ಬಾಯಿ ಕಟ್ಟಿ. ಚೀಲ ನೆರಳಿನಲ್ಲಿರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅದು ಸ್ವಲ್ಪ ಹೊತ್ತು ಇದ್ದರೂ ಸಾಕು, ಒಳಗಿನ ಇರುವೆಗಳು ಅಲ್ಲಿಯೇ ಸತ್ತು ಪುಡಿಯೊಳಗೆ ಉಳಿಯುತ್ತವೆ, ಆ ಮೇಲೆ ಯಾವ ವಿಧಾನವೂ ಅವುಗಳನ್ನು ಹೊರಗೆ ತರಲಾರದು.

ಎರಡು ಕಾಡುಗಳನ್ನು ಹೋಲಿಸಿ ನೋಡುವ ಉದ್ದೇಶವಿದ್ದರೆ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವ ಕ್ರಮವನ್ನೇ ಅನುಸರಿಸುವುದು ಒಳ್ಳೆಯದು: 200 ಮೀಟರ್ ಉದ್ದದ ನೇರ ಗೆರೆಯಲ್ಲಿ ಹತ್ತು ಹತ್ತು ಮೀಟರಿಗೆ ಒಂದರಂತೆ 20 ಚೌಕಗಳು. ಹಾಗೆ ಮಾಡಿದಾಗ ಇರುವೆಗಳ ತಲೆ ಎಣಿಸದೆ, ಎಷ್ಟು ಚೌಕಗಳಲ್ಲಿ ಒಂದು ಬಗೆ ಕಾಣಿಸಿತು ಎಂದು ಎಣಿಸಬೇಕು. ಗೂಡು ಕಟ್ಟಿ ಬದುಕುವ ಜೀವಿಯಾದ್ದರಿಂದ ಒಂದು ಚೌಕದಲ್ಲಿ ನೂರು ಸಿಕ್ಕಿದರೆ ಆ ಬಗೆ ಕಾಡಿನಲ್ಲೆಲ್ಲ ಹೇರಳವಾಗಿದೆಯೆಂದು ಅರ್ಥವಲ್ಲ, ಒಂದು ಗೂಡು ಜರಡಿಗೆ ಬಿತ್ತೆಂದು ಮಾತ್ರ ಅರ್ಥ.

ಎಲೆಯಿಂದ ಇರುವೆಯನ್ನು ಬೇರ್ಪಡಿಸುವುದು

ಇದಕ್ಕೆ ವಿಂಕ್ಲರ್ ಚೀಲ ಎಂಬ ಸಾಧನ ಅತ್ಯುತ್ತಮ. ಬೆಂಕಿ, ವಿದ್ಯುತ್ತು ಏನೂ ಬೇಡ. ಮೇಲೆ ಅಗಲವಾಗಿ, ಕೆಳಗೆ ಆಲಿಕೆಯಂತೆ ಕಿರಿದಾಗುವ ಬಟ್ಟೆಯ ಹೊರಚೀಲ. ಅದರೊಳಗೆ ನಾಲ್ಕು ಮಿಲಿಮೀಟರ್ ಕಣ್ಣಿನ ಬಲೆಯಿಂದ ಹೊಲಿದ, ಚಪ್ಪಟೆಯಾದ ಒಳಚೀಲ. ಕೆಳತುದಿಗೆ ಕಟ್ಟಿದ ಬಾಟಲಿ. ಪುಡಿಯನ್ನು ಒಳಚೀಲಕ್ಕೆ ತುಂಬಿ ನೇತುಹಾಕಿದಾಗ ಅದು ಎಲ್ಲ ಪಕ್ಕದಿಂದ ನಿಧಾನವಾಗಿ ಒಣಗುತ್ತದೆ. ಕದಡಿಹೋದ ಇರುವೆಗಳು ತೇವ ಹುಡುಕುತ್ತ ಅಲೆದಾಡಿ, ಬಲೆಯ ಅಂಚಿಗೆ ಬಂದು, ಕಾಲು ಜಾರಿ ಕೆಳಗಿನ ಬಾಟಲಿಗೆ ಬೀಳುತ್ತವೆ.

ತುಂಬುವಾಗ ಒಂದಿಷ್ಟು ಪುಡಿ ಬಲೆಯಿಂದ ಉದುರಿಯೇ ಉದುರುತ್ತದೆ. ಆದ್ದರಿಂದ ಕೆಳಗೆ ತಟ್ಟೆ ಹಿಡಿದು, ಉದುರಿದ್ದನ್ನು ಮತ್ತೆ ಮೇಲಿನಿಂದ ಹಾಕಿ, ಹೊರಚೀಲದೊಳಗೆ ಮೆಲ್ಲಗೆ ಇಳಿಸಿ, ಅಲುಗಾಟ ನಿಂತ ಮೇಲೆ ಮಾತ್ರ ಆಲ್ಕೋಹಾಲಿನ ಬಾಟಲಿ ಕಟ್ಟಬೇಕು. ಈ ಕ್ರಮ ತಪ್ಪಿದರೆ ಬಾಟಲಿಯ ತುಂಬ ಕಸವಾಗಿ ಆರಿಸುವ ಕೆಲಸ ದುಪ್ಪಟ್ಟಾಗುತ್ತದೆ. ಗಾಳಿಯಾಡುವ, ಆದರೆ ಮಳೆ ಎರಚಲು ಬಾರದ ಪಡಸಾಲೆಯಲ್ಲಿ 48 ಗಂಟೆ ತೂಗುಹಾಕಿ. ಒಂದು ದಿನ ಕಳೆದ ಮೇಲೆ ಪುಡಿಯನ್ನು ತಟ್ಟೆಗೆ ಸುರಿದು ಕಲಸಿ ಮತ್ತೆ ತುಂಬಿದರೆ ನಡುವೆ ಅಡಗಿ ಕುಳಿತವೂ ಕದಲುತ್ತವೆ. ತೂಗುಹಾಕುವ ಮೊಳೆಗೋ ಹಗ್ಗಕ್ಕೋ ಎಣ್ಣೆ ಸವರಲು ಮರೆಯಬೇಡಿ, ಮನೆಯ ಇರುವೆಗಳು ಇಳಿದು ಬಂದು ಮಾದರಿಯಲ್ಲಿ ಸೇರಿಕೊಂಡರೆ ಕಾಡಿನ ಪಟ್ಟಿಯಲ್ಲಿ ಅಡುಗೆಮನೆಯ ಇರುವೆಯೂ ನಮೂದಾಗುತ್ತದೆ.

ಮಳೆಗಾಲದ ಥಂಡಿ ಗಾಳಿಯಲ್ಲಿ ಎರಡು ದಿನಕ್ಕೆ ಎಲೆ ಒಣಗದೆ ಹೋಗಬಹುದು. ಆಗ ಮೂರನೆಯ ದಿನಕ್ಕೂ ಬಿಡಿ, ಇಲ್ಲವೆ ಆಲಿಕೆ ವಿಧಾನಕ್ಕೆ ಹೋಗಿ. ಇಟಲಿಯ ಕೀಟತಜ್ಞ ಆಂಟೋನಿಯೊ ಬರ್ಲೀಸ್ 1905ರಲ್ಲಿ ರೂಪಿಸಿದ ಈ ಆಲಿಕೆ ಮೊದಲು ಬಿಸಿನೀರಿನ ಕಾವಿನಿಂದ ನಡೆಯುತ್ತಿತ್ತು, ಬಲ್ಬು ಬಂದದ್ದು ಆ ಮೇಲೆ. ದೊಡ್ಡ ಆಲಿಕೆಯೊಳಗೆ ಜಾಳಿಗೆ ಇಟ್ಟು, ಅದರ ಮೇಲೆ ಮೂರು ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಪುಡಿ ಹರಡಿ, ಒಂದು ಗೇಣು ಎತ್ತರದಲ್ಲಿ 25 ಅಥವಾ 40 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು ಹಚ್ಚಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಕಾವು ಕೊಡುವುದಿಲ್ಲ. ಕಾವು ಹೆಚ್ಚಾದರೂ ಕೆಟ್ಟದ್ದೇ: ಮೇಲ್ಪದರ ಥಟ್ಟನೆ ಒಣಗಿದರೆ ಒಂದು ಮಿಲಿಮೀಟರಿನ ಇರುವೆ ಕೆಳಗೆ ತಲುಪುವ ಮೊದಲೇ ಸಾಯುತ್ತದೆ. ಒಣ ಎಲೆ ಮತ್ತು ಆಲ್ಕೋಹಾಲ್ ಎರಡೂ ಇರುವುದರಿಂದ ಬಲ್ಬು ಉರಿಯುವಾಗ ಯಾರಾದರೂ ಹತ್ತಿರದಲ್ಲಿರಬೇಕು.

ಈ ಎರಡಕ್ಕೂ ಮೊದಲು, ಕಲಿಯುವವರೆಲ್ಲ ಒಮ್ಮೆಯಾದರೂ ಬಿಳಿಯ ತಟ್ಟೆಯ ವಿಧಾನ ಮಾಡಿ ನೋಡಬೇಕೆಂದು ನನ್ನ ಆಗ್ರಹ. ಒಂದು ಹಿಡಿ ಪುಡಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಸುಮ್ಮನೆ ನೋಡುತ್ತ ಕುಳಿತರೆ ಮೊದಲ ನಿಮಿಷದಲ್ಲಿ ಚಿಮ್ಮುಬಾಲದ ಹುಳುಗಳು, ನುಸಿಗಳು, ಇಕ್ಕಳ ಎತ್ತಿ ನಡೆಯುವ ಹುಸಿಚೇಳು, ಅವಸರದಲ್ಲಿ ಓಡುವ ಇರುವೆಗಳು ಕಾಣುತ್ತವೆ. ಹತ್ತು ನಿಮಿಷ ಕಳೆದ ಮೇಲೆ ಮಣ್ಣಿನ ಕಣವೆಂದು ಬಿಟ್ಟಿದ್ದ ಒಂದು ಚೂರು ಕಾಲು ಚಾಚುತ್ತದೆ. ಕೈಮಸೂರ ಹಿಡಿದರೆ ಹೃದಯದ ಆಕಾರದ ತಲೆ, ಕಂದು ಕೆಂಪು ಮೈ, ಸೊಂಟದ ಸುತ್ತ ಬಿಳಿಯ ಸ್ಪಂಜಿನಂತಹ ಅಂಗಾಂಶ. ಅದು ಸ್ಟ್ರುಮಿಜೆನಿಸ್ ಎಂಬ ಕುಲದ ಇರುವೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುವುದು ಅದರ ರಕ್ಷಣೆಯ ಬಗೆ. ಅವಸರದವರ ಕಣ್ಣಿಗೆ ಅದು ಬೀಳದಿರಲು ಕಾರಣವೂ ಅದೇ. ಇದರ ಕೆಲವು ಪ್ರಭೇದಗಳಲ್ಲಿ ದವಡೆಗಳು ಕಡ್ಡಿಯಂತೆ ಉದ್ದವಾಗಿದ್ದು, ಅವುಗಳನ್ನು ಅಗಲವಾಗಿ ತೆರೆದು, ಒಂದೊಂದೇ ಹೆಜ್ಜೆಯಿಡುತ್ತ ಚಿಮ್ಮುಬಾಲದ ಹುಳುವಿನ ಬಳಿಗೆ ಸರಿದು, ಬಾಯಿಯ ಬಳಿಯ ಸೂಕ್ಷ್ಮ ರೋಮಕ್ಕೆ ಬೇಟೆ ತಾಗಿದೊಡನೆ ಫಟ್ಟನೆ ಮುಚ್ಚುತ್ತದೆ. ಆಲ್ಕೋಹಾಲಿನಲ್ಲಿ ನೆನೆಸಿದ ಕುಂಚದ ತುದಿ ತಾಗಿಸಿದರೆ ಇರುವೆ ಅಂಟಿಕೊಂಡು ಬರುತ್ತದೆ, ಚಿಮಟ ಬಳಸಿದರೆ ಜಜ್ಜಿಹೋಗುತ್ತದೆ.

ಶೇಂಗಾ ಪುಡಿ ಮತ್ತು ಬೆಲ್ಲದ ಆಮಿಷ ಇಡುವವರೂ ಇದ್ದಾರೆ. ಅದಕ್ಕೆ ಫೈಡೋಲೆಯಂತಹ, ಗುಂಪುಗೂಡಿ ಆಹಾರ ಹೊರುವ ಇರುವೆಗಳು ಬರುತ್ತವೆ. ಒಂಟಿಯಾಗಿ ಬೇಟೆಯಾಡುವವು ಬರುವುದಿಲ್ಲ. ಪೂರಕ ವಿಧಾನವಾಗಿ ಅದು ಸರಿ.

ಗುರುತಿಸುವುದು

ಬಾಟಲಿಯಲ್ಲಿ ಸಿಕ್ಕಿದ್ದನ್ನು ಬಿಳಿಯ ಬಟ್ಟಲಿಗೆ ಸುರಿದು ಇರುವೆಗಳನ್ನು ಬೇರೆ ಮಾಡಬೇಕು. ಇರುವೆಯ ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಎದೆಗೂ ಹೊಟ್ಟೆಗೂ ನಡುವೆ ಒಂದು ಅಥವಾ ಎರಡು ಗಂಟುಗಳ ಸೊಂಟವಿರುತ್ತದೆ. ಗೆದ್ದಲಿಗೆ ಸೊಂಟವಿಲ್ಲ, ಅದರ ಮೀಸೆ ಮಣಿ ಪೋಣಿಸಿದಂತೆ ನೇರ. ಇರುವೆಯಂತೆ ನಟಿಸುವ ಜೇಡಕ್ಕೆ ಎಂಟು ಕಾಲು.

ಇನ್ನು ಮುಂದಿನದಕ್ಕೆ ಸ್ಟೀರಿಯೊ ಸೂಕ್ಷ್ಮದರ್ಶಕ ಬೇಕಾಗುತ್ತದೆ, ಕನಿಷ್ಠ 40 ಪಟ್ಟಿನದು. ಹೆಚ್ಚಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇರುತ್ತದೆ. ಮೊದಲ ಪ್ರಶ್ನೆ ಸೊಂಟದ ಗಂಟು ಎಷ್ಟೆಂಬುದು. ಎರಡು ಇದ್ದರೆ ತರಗೆಲೆಯ ಮಟ್ಟಿಗೆ ಅದು ಹೆಚ್ಚಾಗಿ ಮಿರ್ಮಿಸಿನೆ ಉಪಕುಟುಂಬದ್ದು. ಒಂದೇ ಇದ್ದು, ಹೊಟ್ಟೆಯ ಮೊದಲ ಮತ್ತು ಎರಡನೆಯ ಖಂಡದ ನಡುವೆ ದಾರ ಬಿಗಿದಂತಹ ಇರುಕು ಕಂಡು, ತುದಿಯಲ್ಲಿ ಕೊಂಡಿ ಇದ್ದರೆ ಪೊನೆರಿನೆ. ಒಂದೇ ಗಂಟು, ಇರುಕಿಲ್ಲ, ಹೊಟ್ಟೆಯ ತುದಿಯಲ್ಲಿ ಸಣ್ಣ ದುಂಡು ರಂಧ್ರ, ಅನೇಕ ವೇಳೆ ಅದರ ಸುತ್ತ ರೋಮದ ಬಳೆ ಇದ್ದರೆ ಫಾರ್ಮಿಸಿನೆ. ರಂಧ್ರದ ಬದಲು ಅಡ್ಡ ಸೀಳು ಇದ್ದರೆ ಡೊಲಿಕೊಡೆರಿನೆ.

ಎರಡನೆಯ ಪ್ರಶ್ನೆ ಮೀಸೆಯ ಖಂಡಗಳ ಎಣಿಕೆ, ಕಲಿಯುವವರು ಎಡವುವುದು ಇಲ್ಲಿಯೇ. ಬುಡದ ಉದ್ದನೆಯ ಕಾಂಡವನ್ನು ಒಂದು ಎಂದು ಹಿಡಿದು, ಬಾಗಿದ ಜಾಗದಿಂದ ತುದಿಯವರೆಗೆ ಒಂದೊಂದಾಗಿ ಎಣಿಸಬೇಕು. ನಡುವಿನ ಖಂಡಗಳು ತೀರ ಗಿಡ್ಡವಾಗಿ ಒಂದಕ್ಕೊಂದು ಅಂಟಿದಂತಿರುವುದರಿಂದ ಬೆಳಕನ್ನು ಓರೆಯಾಗಿ ಬಿಟ್ಟು, ಎರಡೂ ಮೀಸೆ ಎಣಿಸಿ ತಾಳೆ ನೋಡಬೇಕು. ತುದಿಯಲ್ಲಿ ದಪ್ಪವಾದ ಗದೆಯಂತಹ ಭಾಗದಲ್ಲಿ ಎಷ್ಟು ಖಂಡಗಳಿವೆಯೆಂಬುದನ್ನು ಬೇರೆಯಾಗಿ ಬರೆದುಕೊಳ್ಳಿ. ಮೀಸೆಯಲ್ಲಿ 10 ಖಂಡ, ಗದೆಯಲ್ಲಿ 2 ಇದ್ದರೆ ಸೊಲೆನಾಪ್ಸಿಸ್ ಇರಬಹುದು. ಗದೆ 2 ಖಂಡದ್ದೇ ಆಗಿ, ಕೆಲಸಗಾರ ಇರುವೆ ಒಂದು ಮಿಲಿಮೀಟರಿನ ಆಸುಪಾಸು, ತೆಳು ಹಳದಿ, ಕಣ್ಣು ಒಂದು ಚುಕ್ಕೆಯಷ್ಟು ಅಥವಾ ಇಲ್ಲವೇ ಇಲ್ಲ ಎಂಬಂತಿದ್ದರೆ ಕೇರೆಬಾರಾ ಎಂದು ಪರೀಕ್ಷಿಸಬೇಕು. ಇದರ ಮೀಸೆಯ ಎಣಿಕೆ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ, ಕೆಲವು ಪ್ರಭೇದಗಳಲ್ಲಿ ಇದೇ ಗೂಡಿನಲ್ಲಿ ಹತ್ತಾರು ಪಟ್ಟು ದೊಡ್ಡ ಮೈಯ ಕೆಲಸಗಾರರೂ ಇರುತ್ತವೆ. ಮೀಸೆ 12, ಗದೆ 3, ಜೊತೆಗೆ ಅದೇ ಮಾದರಿಯಲ್ಲಿ ದೊಡ್ಡ ತಲೆಯ ಸೈನಿಕ ಇರುವೆಗಳೂ ಇದ್ದರೆ ಬಹುಮಟ್ಟಿಗೆ ಫೈಡೋಲೆ. ಗದೆ 3 ಇದ್ದು, ಮೈ ನುಣುಪಾಗಿ, ಎದೆಯ ಹಿಂಭಾಗದಲ್ಲಿ ಮುಳ್ಳಿಲ್ಲದಿದ್ದರೆ ಮೊನೊಮೋರಿಯಂ. ಮೈ ಒರಟು ಗೆರೆಗಳಿಂದ ತುಂಬಿ, ಮೀಸೆ ಹುಟ್ಟುವ ಗುಳಿಯ ಮುಂದೆ ಗೋಡೆಯಂತೆ ಚೂಪಾದ ಅಂಚು ಎದ್ದಿದ್ದರೆ ಟೆಟ್ರಮೋರಿಯಂ. ಸ್ಟ್ರುಮಿಜೆನಿಸಿನ ಮೀಸೆಯಲ್ಲಿ 4ರಿಂದ 6 ಖಂಡಗಳು ಮಾತ್ರ, ಆದ್ದರಿಂದ ಅದರ ಬಗ್ಗೆ ಗೊಂದಲವಿಲ್ಲ.

ಒಂದೇ ಗಂಟಿನವುಗಳಲ್ಲಿ ಹೈಪೊಪೊನೆರಾ ಮತ್ತು ಬ್ರಾಕಿಪೊನೆರಾ ಪದೇ ಪದೇ ಸಿಗುತ್ತವೆ. ಹಿಂಗಾಲಿನ ಮೊಣಕಾಲಿನ ಕೆಳಗಿನ ಭಾಗದ ತುದಿಯಲ್ಲಿ ಬಾಚಣಿಗೆಯಂತಹ ಒಂದೇ ಮುಳ್ಳಿದ್ದರೆ ಮೊದಲನೆಯದು, ಅದರ ಪಕ್ಕ ಇನ್ನೊಂದು ಸಣ್ಣ ಮುಳ್ಳೂ ಇದ್ದರೆ ಎರಡನೆಯದು. ಎದೆಯ ಮೇಲೆ ಜೋಡಿ ಜೋಡಿಯಾಗಿ ದಪ್ಪ ಕೂದಲು ನಿಂತಿದ್ದು ಮೀಸೆ 12 ಖಂಡದ್ದಾದರೆ ನೈಲಾಂಡೇರಿಯಾ. ಮೀಸೆ 11 ಖಂಡದ್ದಾಗಿ ತೀರ ಚಿಕ್ಕದಾಗಿದ್ದರೆ ಪ್ಲೇಜಿಯೋಲೆಪಿಸ್. ಕಪ್ಪು ತಲೆ, ತೆಳು ಬಣ್ಣದ ಹೊಟ್ಟೆಯ ಟಪಿನೋಮಾ ಮೆಲನೊಸೆಫಲಂ ಮನೆಗಳ ಇರುವೆ. ಅದು ಕಾಡಿನ ಮಾದರಿಯಲ್ಲಿ ಮತ್ತೆ ಮತ್ತೆ ಬಂದರೆ ಆ ಜಾಗದಲ್ಲಿ ಜನರ ಓಡಾಟ ಹೆಚ್ಚಿರಬಹುದೆಂದು ಶಂಕಿಸಬೇಕು.

ಇಷ್ಟರಿಂದ ಕುಲದವರೆಗೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನವರೆಗೆ ಬರಬಹುದು. ಪ್ರಭೇದದ ಹೆಸರಿಗೆ ಆತುರಪಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಅದನ್ನು ನಂಬಿ ಮುಂದಿನವರೂ ತಪ್ಪುತ್ತಾರೆ. ಅದರ ಬದಲು ಫೈಡೋಲೆ 1, ಫೈಡೋಲೆ 2 ಎಂದು ನಿಮ್ಮದೇ ಸಂಖ್ಯೆ ಕೊಟ್ಟು, ಪ್ರತಿಯೊಂದರ ಒಂದು ಮಾದರಿಯನ್ನು ಹೋಲಿಕೆಗಾಗಿ ಇಟ್ಟುಕೊಳ್ಳಿ. ಹೀಗೆ ಸಂಖ್ಯೆ ಕೊಡುವಾಗ ಒಂದೇ ಗೂಡಿನ ಸೈನಿಕನನ್ನೂ ಕೆಲಸಗಾರನನ್ನೂ ಎರಡು ಬಗೆಯೆಂದು ಎಣಿಸದಂತೆ, ರೆಕ್ಕೆಯುಳ್ಳ ಗಂಡು ಹೆಣ್ಣುಗಳನ್ನು ಬೇರೆ ಬಾಟಲಿಯಲ್ಲಿಡುವಂತೆ ನೋಡಿಕೊಳ್ಳಬೇಕು. ಆಂಟ್‌ವೆಬ್ ಜಾಲತಾಣದಲ್ಲಿ ತಲೆ, ಪಕ್ಕ, ಬೆನ್ನು ಈ ಮೂರು ಕೋನದ ಚಿತ್ರಗಳಿವೆ. ನಿಮ್ಮ ಮಾದರಿಯನ್ನೂ ಅದೇ ಮೂರು ಕೋನದಿಂದ ಮೊಬೈಲಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ತೆಗೆದರೆ ತಜ್ಞರಿಗೆ ತೋರಿಸುವುದು ಸುಲಭ.

ಕಾಪಿಡುವುದು

ಪ್ರತಿ ಬಗೆಯಿಂದ ಮೂರು ನಾಲ್ಕನ್ನು ಒಣಗಿಸಿ ಸೂಜಿಗೆ ಏರಿಸಿ, ಉಳಿದವು ಆಲ್ಕೋಹಾಲಿನಲ್ಲಿಯೇ ಇರಲಿ. ಇಷ್ಟು ಸಣ್ಣ ಮೈಗೆ ಸೂಜಿ ಚುಚ್ಚುವಂತಿಲ್ಲ. ದಪ್ಪ ಕಾಗದದಿಂದ ಚೂಪಾದ ತ್ರಿಕೋನ ಕತ್ತರಿಸಿ, ಅದರ ಅಗಲ ತುದಿಗೆ ಸೂಜಿ ಹಾಯಿಸಿ, ಚೂಪು ತುದಿಗೆ ನೀರಿನಲ್ಲಿ ಕರಗುವ ಅಂಟು ಸೋಂಕಿಸಿ, ಇರುವೆಯ ಬಲಪಕ್ಕದಿಂದ ನಡುಗಾಲು ಮತ್ತು ಹಿಂಗಾಲಿನ ಬುಡದ ನಡುವೆ ಎದೆಯ ಅಡಿಗೆ ಅಂಟಿಸಬೇಕು. ಅಂಟು ಸೊಂಟಕ್ಕೆ ಹತ್ತಿದರೆ ಗುರುತಿಸಲು ಬೇಕಾದ ಭಾಗವೇ ಮುಚ್ಚಿಹೋಗುತ್ತದೆ.

ಚೀಟಿಯಿಲ್ಲದ ಇರುವೆಗೆ ವೈಜ್ಞಾನಿಕ ಬೆಲೆಯಿಲ್ಲ. ರಾಜ್ಯ, ಜಿಲ್ಲೆ, ತಾಲೂಕು, ಊರು ಮತ್ತು ಊರಿನಿಂದ ಎಷ್ಟು ದೂರ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ವಿಧಾನ, ಯಾವ ಮರದಡಿಯ ಎಲೆ, ಇಷ್ಟೂ ಇರಬೇಕು. ತೇವದ ಬಗ್ಗೆಯೂ ಒಂದು ಸಾಲು ಸೇರಿಸಿ: ಹಿಂದಿನ ಮಳೆಯಾಗಿ ಎಷ್ಟು ದಿನವಾಗಿತ್ತು, ಎಲೆಯ ಪದರ ಎಷ್ಟು ಸೆಂಟಿಮೀಟರ್ ದಪ್ಪವಿತ್ತು. ಎರಡು ಋತುಗಳ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಈ ಸಾಲು ಬಹಳ ಉಪಯೋಗಕ್ಕೆ ಬರುತ್ತದೆ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುವುದರಿಂದ ಬಾಟಲಿಯೊಳಗಿನ ಚೀಟಿಗೆ ಸೀಸದ ಕಡ್ಡಿಯೇ ಸರಿ. ಬಾಟಲಿಯ ಹೊರಗೆ ಅಂಟಿಸಿದ ಚೀಟಿಯನ್ನು ಮಾತ್ರ ನಂಬಬಾರದು.

ಸೂಜಿಯ ಮಾದರಿಗಳ ಪೆಟ್ಟಿಗೆಯನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಆಲ್ಕೋಹಾಲಿನ ಬಾಟಲಿಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ, ದ್ರಾವಣ ಇಳಿದಿದ್ದರೆ ತುಂಬಿಸಿ. ಬೇಸಿಗೆಯಲ್ಲಿ ಇನ್ನೂ ಬೇಗ ಬೇಗ ನೋಡಬೇಕಾಗುತ್ತದೆ, ಏಕೆಂದರೆ ಒಮ್ಮೆ ಪೂರ್ತಿ ಒಣಗಿ ಬಾಟಲಿಯ ತಳಕ್ಕೆ ಅಂಟಿಕೊಂಡ ಸಣ್ಣ ಇರುವೆಯನ್ನು ಮೀಸೆ ಮುರಿಯದಂತೆ ಬಿಡಿಸುವುದು ಬಹಳ ಕಷ್ಟ.